ಕಾಮಾಲೆ ಆದವರು ಕಿಡ್ನಿ ಕೊಡಬಹುದೇ?



ಮಾವಿನ ಗಿಡಕ್ಕೆ ಕಸಿ ಕಟ್ಟೋದು ನೀವು ನೋಡಿದ್ದೀರಿ. ಮನುಷ್ಯರಿಗೂ ಕಸಿ ಮಾಡ್ತಾರೆ. ಕಿಡ್ನಿ ಕೆಟ್ಟವರಿಗೆ ಇನ್ನೊಬ್ಬರ ಕಿಡ್ನಿ ಜೋಡಿಸ್ತಾರೆ. ಇದೇ ಅಂಗ ಕಸಿ.

ಮನೆಯವರಿಗೆ ಕಿಡ್ನಿ ಬೇಕಾದಾಗ ಯಾರು ಕೊಡ್ತಾರೆ? ನಮ್ಮ ದೇಶದಲ್ಲಿ ಹೆಚ್ಚಾಗಿ ಹೆಂಗಸರೇ. ತಾಯಿ ಕೊಡ್ತಾಳೆ. ಹೆಂಡತಿ ಕೊಡ್ತಾಳೆ. ಆಗ ಒಂದು ಅಂಜಿಕೆ. "ನನಗೆ ಹಿಂದೆ ಕಾಮಾಲೆ ಆಗಿತ್ತಲ್ಲ, ನಾನು ಕೊಡಬಹುದೇ?"

ಎಲ್ಲಾ ಕಾಮಾಲೆ ಒಂದೇ ಅಲ್ಲ. ಲಿವರಿಗೆ ವೈರಸ್ ತಗುಲಿದರೆ ಅದು ಹೆಪಟೈಟಿಸ್. ಇದರಲ್ಲಿ ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ. ಸಾಮಾನ್ಯವಾಗಿ ತಾವೇ ವಾಸಿಯಾಗುತ್ತವೆ. ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೂ ಬರುತ್ತವೆ. ಕಣ್ಣು ಹಳದಿ ಆಗದೆಯೂ ವರ್ಷಗಟ್ಟಲೆ ಮೈಯಲ್ಲಿ ಇರುತ್ತವೆ. ಅದಕ್ಕೇ ಅಂಗ ಕೊಡುವವರ ರಕ್ತ ಪರೀಕ್ಷೆ ಮಾಡ್ತಾರೆ.

ಹಿಂದೆ, ಸತ್ತವರ ಅಂಗದಲ್ಲಿ ಸಿ ವೈರಸ್ ಇದ್ದರೆ ಹೆಚ್ಚಾಗಿ ಬೇಡ ಅಂತಿದ್ದರು. ಈಗ ಸಿ ರೋಗಕ್ಕೆ ಒಳ್ಳೆ ಮಾತ್ರೆ ಇದೆ. 2015ರಲ್ಲಿ ನಮ್ಮ ದೇಶಕ್ಕೂ ಬಂತು. ಸಾಮಾನ್ಯವಾಗಿ 12 ವಾರ ನುಂಗಬೇಕು. ನೂರಕ್ಕೆ 95 ಜನರಿಗೆ ವಾಸಿಯಾಗುತ್ತೆ. ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ವೈದ್ಯರು ಸಿ ವೈರಸ್ ಇದ್ದ ಕಿಡ್ನಿಯನ್ನು 10 ಜನರಿಗೆ ಜೋಡಿಸಿದರು. ಅವರಿಗೆ ಮೊದಲು ಈ ವೈರಸ್ ಇರಲಿಲ್ಲ. ಕಸಿ ಆದಮೇಲೆ ಮಾತ್ರೆ ಕೊಟ್ಟರು. 10 ಜನರಿಗೂ ವಾಸಿಯಾಯಿತು. ಇದು 2017ರಲ್ಲಿ ಪ್ರಕಟವಾಯಿತು.

ಬದುಕಿರುವ ತಾಯಿಗೆ ಸಿ ಇದ್ದರೆ? ಮೊದಲು ಆಕೆಗೇ ಚಿಕಿತ್ಸೆ ಆಗಬೇಕು. ಆಕೆಯ ಲಿವರ್ ಚೆನ್ನಾಗಿದೆಯೇ ನೋಡಬೇಕು. ಆಮೇಲೆ ಕೊಡುವ ಮಾತು.

ಬಿ ಬೇರೆ. ಔಷಧಿ ಅದನ್ನು ಹತೋಟಿಯಲ್ಲಿ ಇಡುತ್ತೆ. ಬೇರು ಸಹಿತ ಕೀಳೋದು ಕಷ್ಟ. ಆದರೆ ಬರದಂತೆ ಲಸಿಕೆ ಇದೆ. ಹುಟ್ಟಿದ ಮಗುವಿಗೆ 24 ಗಂಟೆ ಒಳಗೆ ತಪ್ಪದೆ ಹಾಕಿಸಿ.

2018ರಿಂದ ಸರ್ಕಾರ ಬಿ ಮತ್ತು ಸಿ ರೋಗಕ್ಕೆ ಪುಕ್ಕಟೆ ಪರೀಕ್ಷೆ, ಪುಕ್ಕಟೆ ಔಷಧಿಯ ಕಾರ್ಯಕ್ರಮ ನಡೆಸುತ್ತಿದೆ. ನಮ್ಮ ಮದಕರಿಪುರದವರು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ ಕೇಳಬಹುದು.

ಅಂಗ ಕೊಡುವಾಗಲೂ, ಪಡೆಯುವಾಗಲೂ ಕಾಗದಕ್ಕೆ ಸಹಿ ಬೇಕು. ಈಗ ನಮಗೆ ಓದು ಬರುತ್ತೆ. ಮೊದಲು ಓದಿ. "ಕೊಡುವವರಿಗೆ ವೈರಸ್ ಇದೆಯಾ? ಇದ್ದರೆ ಏನು ಔಷಧಿ? ಎಷ್ಟು ದಿನ? ಖರ್ಚು ಯಾರದು?" ಅಂತ ಕೇಳಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ. ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಕಾನೂನು ನಿಮ್ಮ ಕಡೆ ಇದೆ. ಯಾರೂ ಬಲವಂತ ಮಾಡುವಂತಿಲ್ಲ.

ಮೊದಲು ಓದು, ಆಮೇಲೆ ಸಹಿ.