ಕ್ಯಾಮೆರಾ ಯಾರ ಕೈಲಿದೆ?

ಮಕ್ಕಳೆಲ್ಲ ಸೇರಿ ಐದು ನಿಮಿಷದ ಒಂದು ಸಿನಿಮಾ ಮಾಡಿ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳ್ತಾರೆ. ಒಳ್ಳೇದೇ. ಆದರೆ ಕೆಲಸ ಹಂಚುವಾಗ ನೋಡಿ: ಕಥೆ ಬರೆಯೋನು ಒಬ್ಬ, ಮೊಬೈಲ್ ಹಿಡಿಯೋನು ಇನ್ನೊಬ್ಬ, ನಮ್ಮ ಕೇರಿ ಹುಡುಗನಿಗೆ ಸಿಗೋದು ಪೊರಕೆ ಹಿಡಿದ ಪಾತ್ರ. ಊರಿನ ಮೇಲು ಕೀಳೇ ಸಿನಿಮಾದೊಳಗೂ ಬಂದು ಕೂರ್ತದೆ.

ಇದು ಹೊಸದಲ್ಲ. 1930ರ ಆಸುಪಾಸಿನಲ್ಲಿ ತೆರೆಕಂಡ ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'ನಲ್ಲಿ ದಲಿತ ಹೆಣ್ಣುಮಗಳು ಪಿ.ಕೆ. ರೋಸಿ ನಾಯರ್ ಹೆಣ್ಣಿನ ಪಾತ್ರ ಮಾಡಿದರು. ಅಷ್ಟಕ್ಕೇ ಮೇಲ್ಜಾತಿಯವರು ಪರದೆಗೆ ಕಲ್ಲು ತೂರಿದರು, ರೋಸಿಯನ್ನು ಊರು ಬಿಡಿಸಿದರು. 2013ರಲ್ಲಿ ಮರಾಠಿಯ 'ಫಂಡ್ರಿ' ಬಂತು. ಅದರಲ್ಲಿ ಹಂದಿ ಹಿಡಿಯುವ ಮನೆಯ ಹುಡುಗ ಕೊನೆಗೆ ಎಸೆದ ಕಲ್ಲು ನೋಡುವವರ ಕಡೆಗೇ ಬರುತ್ತದೆ. ಯಾಕೆ? ಅದನ್ನು ಬರೆದು ನಿರ್ದೇಶಿಸಿದ ನಾಗರಾಜ ಮಂಜುಳೆ ಅಂಥ ಬದುಕನ್ನು ಉಂಡು ಬಂದವರು.

ಅದಕ್ಕೇ ಮಕ್ಕಳಿಗೆ ನಾವು ಹೇಳೋದಿಷ್ಟು. ದೃಶ್ಯಕ್ಕೊಬ್ಬರಂತೆ ಮೊಬೈಲ್ ಹಿಡೀರಿ. ಪಾತ್ರಗಳನ್ನು ಚೀಟಿ ಎತ್ತಿ ಹಂಚಿಕೊಳ್ಳಿ. ಗೌಡರ ಮಗ ಪೊರಕೆ ಹಿಡೀಲಿ, ಪೌರಕಾರ್ಮಿಕರ ಮಗಳು ತಹಶೀಲ್ದಾರ್ ಆಗಲಿ. ತೆಗೆದದ್ದನ್ನು ಕತ್ತರಿಸಿ ಜೋಡಿಸುವಾಗ ಎಲ್ಲರೂ ಕೂತುಕೊಳ್ಳಿ. ಯಾರ ಮಾತು ಉಳೀತದೆ, ಯಾರದು ಹೋಗ್ತದೆ ಅನ್ನೋದು ತೀರ್ಮಾನವಾಗೋದು ಅಲ್ಲೇ. ಮೊದಲ ಪ್ರದರ್ಶನ ಶಾಲೆಯಲ್ಲಾದರೆ ಎರಡನೆಯದು ಕೇರಿಯಲ್ಲಾಗಲಿ. ನಮ್ಮ ಅವ್ವಂದಿರು ನೋಡಿ "ಇದು ಸುಳ್ಳು ಕಣ್ರೋ" ಅಂದರೆ ಬೇಜಾರು ಬೇಡ, ಮತ್ತೆ ತೆಗೀರಿ.

ಜೈ ಭೀಮ್.