ಅಡ್ಡಗೋಡೆಯ ಮೇಲಿನ ದೀಪ

ಗಣೇಶೋತ್ಸವದ ಚಂದಾ ಕೇಳಲು ಬೀದಿಯ ಹುಡುಗರು ನಿಮ್ಮ ಮನೆ ಬಾಗಿಲಿಗೆ ಬಂದಿದ್ದಾರೆ ಎಂದುಕೊಳ್ಳಿ. ಕೊಡುವ ಮನಸ್ಸಿಲ್ಲ, ಇಲ್ಲವೆನ್ನಲು ಸಂಕೋಚ. ನೀವೇನು ಹೇಳುತ್ತೀರಿ? 'ನೋಡೋಣ' ಎನ್ನುತ್ತೀರಿ. ಅದರ ಅರ್ಥ ಹುಡುಗರಿಗೂ ಗೊತ್ತು. ಯಾರೂ ಏನನ್ನೂ ನೋಡುವುದಿಲ್ಲ. ಆದರೂ ಯಾರ ಮುಖವೂ ಕೆಡದೆ ಮಾತು ಮುಗಿಯುತ್ತದೆ.

ಚರ್ಚಾ ಕಾರ್ಯಕ್ರಮಗಳನ್ನು ನಿರ್ಮಿಸುವುದೇ ನನ್ನ ಕೆಲಸವಾದ್ದರಿಂದ ಇಂಥ ಮಾತುಗಳನ್ನು ಹೆಕ್ಕಿ ಇಟ್ಟುಕೊಳ್ಳುವ ಚಟ ಬೆಳೆದಿದೆ. 'ಪರಿಶೀಲನೆಯಲ್ಲಿದೆ', 'ಸೂಕ್ತ ಕ್ರಮ ಕೈಗೊಳ್ಳಲಾಗುವುದು'. ಈ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಎಲ್ಲಿದ್ದಾನೆಂದು ಹುಡುಕಿ ನೋಡಿ, ಸಿಕ್ಕುವುದಿಲ್ಲ. ನಮ್ಮ ಹಿರಿಯರು ಇದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು ಎಂದರು. ಎರಡು ಕೋಣೆಗಳ ನಡುವಿನ ಕುಳ್ಳು ಗೋಡೆಯ ಮೇಲೆ ದೀಪವಿಟ್ಟರೆ ಬೆಳಕು ಎರಡೂ ಕಡೆಗೆ. ಎಣ್ಣೆ ಉಳಿಸುವ ಗೃಹಿಣಿಯ ಜಾಣತನ ಬೈಗುಳವಾದದ್ದು ಹೇಗೋ!

ಮೀನ ಮೇಷ ಎಣಿಸುವುದು ಇನ್ನೊಂದು. ವಿಜ್ಞಾನ ಓದಿದವನಾದ ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಸುಮಾರು 2000 ವರ್ಷಗಳ ಹಿಂದೆ ವಸಂತ ವಿಷುವದ ದಿನ ಸೂರ್ಯ ಮೇಷದಲ್ಲಿರುತ್ತಿದ್ದ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಅದರಿಂದಾಗಿ ಆ ಬಿಂದು ಸರಿದು ಈಗ ಮೀನ ನಕ್ಷತ್ರಪುಂಜದಲ್ಲಿದೆ. ಆದರೂ ಖಗೋಳದ ಪುಸ್ತಕಗಳು ಅದನ್ನು ಮೇಷದ ಮೊದಲ ಬಿಂದು ಎಂದೇ ಕರೆಯುತ್ತವೆ. ಮೀನವೋ ಮೇಷವೋ ಎಂಬುದು ಆಕಾಶದಲ್ಲೂ ಪೂರ್ತಿ ಇತ್ಯರ್ಥವಾಗಿಲ್ಲ ಅನ್ನಿ.

ಇವೆಲ್ಲ ನಿಲುವು ತಪ್ಪಿಸಿಕೊಳ್ಳುವವರ ಮಾತಾಯಿತು. ನಿಲುವು ಬದಲಿಸಿದವರಿಗೆ ನಾವು ಇನ್ನೂ ಕಠಿಣ. ಉಲ್ಟಾ ಹೊಡೆದ, ಪ್ಲೇಟು ಬದಲಿಸಿದ, ಮಾತು ತಿರುಗಿಸಿದ, ಗೋಸುಂಬೆ! ಪಾಪ, ಗೋಸುಂಬೆ ಅವಕಾಶವಾದಿಯಲ್ಲ. ಅದು ಬಣ್ಣ ಬದಲಿಸುವುದು ಮುಖ್ಯವಾಗಿ ಸುತ್ತಲಿನ ಎಲೆಗೆ ಹೊಂದಿಕೊಳ್ಳಲು ಅಲ್ಲ. ಎದುರಾಳಿಗೆ, ಸಂಗಾತಿಗೆ ತನ್ನ ಮನಸ್ಥಿತಿ ತಿಳಿಸಲು, ಮೈಯ ಬಿಸಿಯನ್ನು ಹದದಲ್ಲಿಡಲು. ಅದರ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ, ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣ ಬೇರೆಯಾಗುತ್ತದೆ ಎಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಅಂದರೆ ಗೋಸುಂಬೆ ಮನಸ್ಸಿನಲ್ಲಿದ್ದುದನ್ನು ಮೈಮೇಲೆ ತೋರಿಸುವ ಪ್ರಾಣಿ. ನಾವು ಅದನ್ನು ಬೈಯುವುದು ತದ್ವಿರುದ್ಧವಾದ ಕಾರಣಕ್ಕೆ.

ಪ್ರಾಮಾಣಿಕವಾಗಿ ಅಭಿಪ್ರಾಯ ಬದಲಿಸಿದವನನ್ನು ಮೆಚ್ಚಿ ಹೇಳಲು ನಿಮಗೊಂದು ಪದ ಹೊಳೆಯುತ್ತದೆಯೇ? ನನಗಂತೂ ಹೊಳೆದಿಲ್ಲ. 'ಮನಸ್ಸು ಬದಲಾಯಿತು' ಎನ್ನುತ್ತೇವೆ, ಮಳೆ ನಿಂತಿತು ಎಂದ ಹಾಗೆ, ನಮ್ಮ ಪಾತ್ರವೇ ಇಲ್ಲದಂತೆ. ಇದಕ್ಕೆ ಕಾರಣ 'ಮಾತು' ಎಂಬ ಪದವೇ ಇರಬೇಕು ಎಂದು ನನ್ನ ಗುಮಾನಿ. ಕೊಟ್ಟ ವಚನವೂ ಮಾತು, ಆಡಿದ ಅಭಿಪ್ರಾಯವೂ ಮಾತು. ಹರಿಶ್ಚಂದ್ರನ, ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಅವರು ಉಳಿಸಿಕೊಂಡದ್ದು ಕೊಟ್ಟ ಮಾತನ್ನು. ನಾವು ಆ ಗೌರವವನ್ನು ಆಡಿದ ಮಾತಿಗೂ ಹಚ್ಚಿಬಿಟ್ಟೆವು. ಸಾಲ ತೀರಿಸುತ್ತೇನೆ ಎಂದವನು ತಪ್ಪಬಾರದು, ಸರಿ. ಆದರೆ ಭೂಮಿ ಚಪ್ಪಟೆ ಎಂದವನು ತಪ್ಪದೇ ಹೋದರೆ ಗತಿ ಏನು?

ಐನ್‌ಸ್ಟೈನ್ ಅವರು 1917ರಲ್ಲಿ, ವಿಶ್ವ ಹಿಗ್ಗದೆ ಕುಗ್ಗದೆ ಇದ್ದಂತೆಯೇ ಇದೆ ಎಂದು ನಂಬಿ, ಅದಕ್ಕೆ ಹೊಂದುವಂತೆ ತಮ್ಮ ಸಮೀಕರಣಕ್ಕೆ ಒಂದು ಸ್ಥಿರಾಂಕ ಸೇರಿಸಿದರು. ಗೆಲಾಕ್ಸಿಗಳು ದೂರ ಸರಿಯುತ್ತಿವೆ ಎಂದು ಹಬಲ್ 1929ರಲ್ಲಿ ತೋರಿಸಿದ ಮೇಲೆ, 1931ರಲ್ಲಿ ಅದನ್ನು ಕೈಬಿಟ್ಟರು. ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಕಂಡಾಗ ಅದೇ ಸ್ಥಿರಾಂಕವನ್ನು ವಿಜ್ಞಾನಿಗಳು ಮತ್ತೆ ಕರೆತಂದರು. ಯಾರೂ ಯಾರನ್ನೂ ಗೋಸುಂಬೆ ಎನ್ನಲಿಲ್ಲ. ಗಾಂಧೀಜಿ ಕೂಡ 1933ರ 'ಹರಿಜನ'ದಲ್ಲಿ, ತಮ್ಮ ಎರಡು ಬರಹಗಳು ಪರಸ್ಪರ ಒಪ್ಪದಿದ್ದರೆ ನಂತರದ್ದನ್ನೇ ಆರಿಸಿಕೊಳ್ಳಿ ಎಂದು ಓದುಗರಿಗೆ ತಿಳಿಸಿದ್ದರು.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಎಡವಿದ್ದೇನೆ. ನೀಲಗಿರಿ ತೋಪುಗಳ ಬಗ್ಗೆ ಒಂದು ಕಾರ್ಯಕ್ರಮ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ತುಂಬ ನೀಲಗಿರಿ ಬಂತು, ತುಮಕೂರು ಕಡೆಯ ರೈತರು ಪ್ರತಿಭಟಿಸಿ ಸಸಿಗಳನ್ನು ಕಿತ್ತರು, ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನಮ್ಮ ಅತಿಥಿ ನಿವೃತ್ತ ಅರಣ್ಯಾಧಿಕಾರಿಗಳು. ಮಾತಿನ ನಡುವೆ ಅವರು, 'ಆಗ ಹಳ್ಳಿ ಹಳ್ಳಿ ಸುತ್ತಿ ನೀಲಗಿರಿ ಹಾಕಿ ಎಂದವನು ನಾನೇ. ಈಗ ಅದು ತಪ್ಪು ಅನ್ನಿಸುತ್ತದೆ' ಎಂದರು. ನಿರೂಪಕರು ನಕ್ಕು, 'ಹಾಗಾದರೆ ಸರ್, ನೀವೂ ಪ್ಲೇಟು ಬದಲಿಸಿದಿರಿ' ಎಂದುಬಿಟ್ಟರು. ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ನಾನೂ ನಕ್ಕೆ.

ಆ ಹಿರಿಯರ ಮುಖ ಕ್ಯಾಮೆರಾದಲ್ಲಿ ಹತ್ತಿರದಿಂದ ಕಾಣುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಗೂ 'ಪರಿಶೀಲಿಸಬೇಕು', 'ಹಾಗೂ ಇರಬಹುದು, ಹೀಗೂ ಇರಬಹುದು'. ತಪ್ಪು ಎಲ್ಲಿ ಆಯಿತು, ಯಾಕೆ ಆಯಿತು, ಆ ಹಳ್ಳಿಗಳಲ್ಲಿ ಆಮೇಲೆ ಏನು ಕಂಡರು, ಯಾವುದೂ ಹೊರಬರಲಿಲ್ಲ. ಸಂಕಲನ ಮಾಡುವಾಗ ಆ ನಗುವನ್ನು ತೆಗೆಯಲು ಹೊರಟು, ಅವರ ಒಪ್ಪಿಗೆಯ ಮಾತನ್ನೂ ಜೊತೆಗೇ ಕತ್ತರಿಸಿದೆ. ಅವರಿಗೆ ಮುಜುಗರ ಆಗದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಇಡೀ ಕಾರ್ಯಕ್ರಮದಲ್ಲಿ ಕೇಳುವಂಥ ಮಾತು ಅದೊಂದೇ ಆಗಿತ್ತು.

ಕನ್ನಡಕ್ಕೆ ಒಂದು ಸೊಗಸಿದೆ. ಶಾಲೆಯಲ್ಲಿ ಸಂಭಾವನಾರ್ಥಕ ರೂಪ ಎಂದು ಕಲಿಸಿದ್ದರಲ್ಲ? ಮಳೆ ಬಂದೀತು, ಅವನು ಹೋದಾನು. ಬರುತ್ತದೆ ಎಂಬ ಗರ್ವವಿಲ್ಲ, ನೋಡೋಣ ಎಂಬ ಜಾರಿಕೆಯೂ ಇಲ್ಲ. ಗೊತ್ತಿರುವಷ್ಟನ್ನು ಮಾತ್ರ ಹೇಳುವ ಕ್ರಿಯಾಪದ. ಹವಾಮಾನದ ವರದಿಯಲ್ಲಿ ನಾವು ಇದನ್ನು ಬಿಟ್ಟು 'ಮಳೆಯಾಗುವ ಸಾಧ್ಯತೆ ಇದೆ' ಎಂದು ಉದ್ದಕ್ಕೆ ಓದಿಸುತ್ತೇವೆ.

ಕಳೆದ ವಾರ ಆ ಅಧಿಕಾರಿಗಳಿಗೆ ಫೋನ್ ಮಾಡಿದ್ದೆ. ಅಂದು ಕತ್ತರಿಸಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಅದೇ ವಿಷಯದ ಬಗ್ಗೆ ಪೂರ್ತಿ ಅರ್ಧ ಗಂಟೆ ನೀವೊಬ್ಬರೇ ಮಾತಾಡಬೇಕು, ಬರುತ್ತೀರಾ ಸರ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೋಡೋಣ' ಎಂದರು.

ಬಂದಾರು.