ದೊಡ್ಡಹುಣಸೆ

ಟಾಂಜಾನಿಯಾದ ದೊಡೊಮಾ ಕಡೆಯ ಹಳ್ಳಿಶಾಲೆಯಲ್ಲಿ ಸ್ವಯಂಸೇವಕಿಯಾಗಿ ಗಣಿತ ಕಲಿಸುತ್ತಿದ್ದೆ. ಅದು ಕೊನೆಯ ವಾರ. ಬೆಳಗ್ಗೆ ಮಕ್ಕಳು ಎಂದಿನಂತೆ ‘ಶಿಕಾಮೂ’ ಎಂದರು. ಹಿರಿಯರಿಗೆ ಹೇಳುವ ಈ ಸ್ವಾಹಿಲಿ ಮಾತಿನ ಮೂಲಾರ್ಥ, ನಿಮ್ಮ ಕಾಲು ಹಿಡಿಯುತ್ತೇನೆ ಎಂದು. ‘ಮರಹಬಾ’ ಎನ್ನುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು.

ಅಂಗಳದಲ್ಲಿ ಬಾವೊಬಾಬ್ ಮರವಿತ್ತು, ಅವರ ‘ಮ್ಬುಯು’. ನಮ್ಮೂರು ಯಲವಿಗಿ, ಅಲ್ಲಿ ರೈಲಿಳಿದು ಸವಣೂರಿಗೆ ಹೋದರೆ ಮಠದ ಆವರಣದಲ್ಲಿ ಇದೇ ಜಾತಿಯ ಭಾರೀ ಮರಗಳಿವೆ, ದೊಡ್ಡಹುಣಸೆ ಅಂತೀವಿ ಎಂದೆ. ಸಕ್ಕರೆ, ಕೆಂಪು ಬಣ್ಣ ಹಚ್ಚಿದ ಅದರ ಬೀಜ ಚೀಪುತ್ತಿದ್ದ ಹುಡುಗಿ, “ಅಷ್ಟು ದೂರ ಹೇಗೆ ಹೋದವು, ಮ್ವಾಲಿಮು?” ಎಂದು ಕೇಳಿದಳು; ಮ್ವಾಲಿಮು ಎಂದರೆ ಟೀಚರ್.

“ಯಾರೋ ಬೀಜ ಒಯ್ದಿರಬೇಕವ್ವಾ.”

ಹೊರಡುವ ದಿನ ನನ್ನ ಅಂಗೈಗೆ ಒಂದು ಹಿಡಿ ಬೀಜ ಸುರಿದಳು. ಬಣ್ಣ ಹಚ್ಚದವು.